ಬಾವಿ ಸತ್ತಿಲ್ಲ, ಬಾಗಿನಲ್ಲಿ ನೀರು ಕಟ್ಟಿದೆ

ಪ್ರಶ್ನೆ: ಸರ್, ನಾನು ದಾವಣಗೆರೆಯವನು. ಈಗ ಅಮೆರಿಕದ ಪೆನ್ಸಿಲ್ವೇನಿಯಾದ ವಾಷಿಂಗ್ಟನ್ ಕೌಂಟಿಯಲ್ಲಿ ಗ್ಯಾಸ್ ಬಾವಿಗಳ ಪ್ರೊಡಕ್ಷನ್ ಎಂಜಿನಿಯರ್ ಆಗಿದ್ದೇನೆ. ಮಾರ್ಸೆಲಸ್ ಶೇಲ್ ಎಂಬ ಕಲ್ಲಿನ ಪದರದ ಒಂದು ಅಡ್ಡ ಬಾವಿ ನನ್ನ ತಲೆ ತಿನ್ನುತ್ತಿದೆ. ನೇರ ಆಳ 6,500 ಅಡಿ, ಅಡ್ಡಕ್ಕೆ 7,000 ಅಡಿ, ಕೊನೆಯ ತುದಿ ಸ್ವಲ್ಪ ಮೇಲೆ. ಐದೂವರೆ ಇಂಚಿನ ಕೇಸಿಂಗ್ (ಬಾವಿಯ ಗೋಡೆಯ ಉಕ್ಕಿನ ಪೈಪು), ಅದರೊಳಗೆ 2 3/8 ಇಂಚಿನ ಟ್ಯೂಬಿಂಗ್ (ಗ್ಯಾಸ್ ಮೇಲೆ ಬರುವ ಸಣ್ಣ ಪೈಪು), ಎರಡರ ನಡುವಿನ ಸಂದಿ ಮುಚ್ಚುವ ಪ್ಯಾಕರ್ ಇಲ್ಲ. ಈಗ ದಿನಕ್ಕೆ ಸುಮಾರು 4 ಲಕ್ಷ ಘನ ಅಡಿ ಗ್ಯಾಸ್ ಬರುತ್ತೆ, ಅದೂ ಒಂದೇ ಸಮನಾಗಿ ಅಲ್ಲ. ನೀರು 15 ಬ್ಯಾರಲ್. ಟ್ಯೂಬಿಂಗ್ ಒತ್ತಡ 210 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಕೇಸಿಂಗ್ ಒತ್ತಡ 480. ಒಂದು ದಿನ ಮುಚ್ಚಿಟ್ಟು ತೆರೆದರೆ ಮೂರು ದಿನ ಚೆನ್ನಾಗಿ ಹರಿಯುತ್ತೆ, ಆಮೇಲೆ ಮತ್ತೆ ಅದೇ. ಬಾವಿಯ ತಲೆಯ ಒತ್ತಡ ಇಟ್ಟು ಲೆಕ್ಕ ಹಾಕಿದರೆ 3.9 ಲಕ್ಷ ಇದ್ದರೆ ಸಾಕು, ನೀರು ಮೇಲೆ ಬರಬೇಕು. ಬರುತ್ತಿಲ್ಲ. ಬಾವಿ ಮುಗೀತು ಅಂತ ಕೆಲವರು ಹೇಳುತ್ತಿದ್ದಾರೆ. ಏನು ಮಾಡಲಿ?

ಉತ್ತರ:

ನಿಮ್ಮ ಬಾವಿ ಮುಗಿದಿಲ್ಲ. ಮುಗಿದ ಬಾವಿ ಒಂದು ದಿನ ಮುಚ್ಚಿಟ್ಟ ಮಾತ್ರಕ್ಕೆ ಮೂರು ದಿನ ಚೇತರಿಸಿಕೊಳ್ಳುವುದಿಲ್ಲ. ಕಲ್ಲಿನಲ್ಲಿ ಗ್ಯಾಸ್ ಇದೆ, ಒತ್ತಡವೂ ಇದೆ. ದಾರಿಯಲ್ಲಿ ನೀರು ಕೂತಿದೆ, ಅಷ್ಟೆ. ಅದು ಎಲ್ಲಿ ಕೂತಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ. ನೀವು ಲೆಕ್ಕ ಹಾಕಿದ್ದು ಬಾವಿಯ ತಲೆಯಲ್ಲಿ. ನೀರು ಕೂತಿರುವುದು ಅಲ್ಲಿಂದ ಒಂದು ಮೈಲಿಗೂ ಜಾಸ್ತಿ ಕೆಳಗೆ, ಬಾವಿ ನೇರದಿಂದ ಅಡ್ಡಕ್ಕೆ ತಿರುಗುವ ಬಾಗಿನಲ್ಲಿ.

ನಮ್ಮ ಊರಿನ ಮನೆಯಲ್ಲಿ ಗೋಬರ್ ಗ್ಯಾಸ್ ಇತ್ತು. ಕೊಟ್ಟಿಗೆ ಹಿಂದಿನ ಗುಂಡಿಯಿಂದ ಅಡುಗೆಮನೆಗೆ ಪೈಪು. ಕೆಲವು ದಿನ ಬೆಳಿಗ್ಗೆ ಒಲೆಯ ಉರಿ ಕುಣಿಯಲು ಶುರು ಮಾಡುತ್ತಿತ್ತು. ಒಮ್ಮೆ ಭಗ್ ಅಂತ ಏಳುತ್ತಿತ್ತು, ಮರುಕ್ಷಣ ಆರಿಯೇ ಹೋಯಿತು ಅನ್ನುವಷ್ಟು ಕುಗ್ಗುತ್ತಿತ್ತು. ಅಮ್ಮ ಒಲೆ ಆರಿಸಿ, "ಪೈಪಲ್ಲಿ ನೀರು ಕೂತಿದೆ, ಹೋಗಿ ಬಿಟ್ಟು ಬಾ" ಅನ್ನುತ್ತಿದ್ದರು. ಪೈಪು ತಗ್ಗಾದ ಕಡೆ ಒಂದು ನಲ್ಲಿ. ತಿರುಗಿಸಿದರೆ ಅರ್ಧ ಚೊಂಬು ನೀರು ಬರುತ್ತಿತ್ತು, ಉರಿ ನೆಟ್ಟಗಾಗುತ್ತಿತ್ತು. ಗುಂಡಿಯಲ್ಲಿ ಗ್ಯಾಸ್ ಮೊದಲಿನಷ್ಟೇ ಇತ್ತು. ನಿಮ್ಮ ಚಾರ್ಟಿನಲ್ಲಿ ಕಾಣುವ ಏರುಪೇರು ಅದೇ ಕುಣಿಯುವ ಉರಿ. ಆದರೆ ನಿಮ್ಮ ತಗ್ಗಿಗೆ ನಲ್ಲಿ ಇಲ್ಲ. ಅಲ್ಲಿನ ನೀರನ್ನು ಗ್ಯಾಸೇ ಹೊತ್ತು ಮೇಲೆ ತರಬೇಕು.

ಈ ನೀರು ಬರುವುದು ಎಲ್ಲಿಂದ? ಒಂದಷ್ಟು ಫ್ರ್ಯಾಕಿಂಗ್‌ನದು, ಅಂದರೆ ಒತ್ತಡದ ನೀರಿನಿಂದ ಕಲ್ಲು ಸೀಳಿದಾಗಿನದು. ಮಾರ್ಸೆಲಸ್ ಬಾವಿಗೆ ಲಕ್ಷಾಂತರ ಗ್ಯಾಲನ್ ನೀರು ತುಂಬುತ್ತಾರೆ, ಅದರಲ್ಲಿ ಸ್ವಲ್ಪ ಭಾಗ ಮಾತ್ರ ಬೇಗ ವಾಪಸ್ ಬರುತ್ತದೆ, ಉಳಿದದ್ದರಲ್ಲಿ ಒಂದಷ್ಟು ವರ್ಷಗಟ್ಟಲೆ ಜಿನುಗುತ್ತದೆ. ಇನ್ನೊಂದಷ್ಟು ಗ್ಯಾಸಿನೊಳಗೇ ಆವಿಯಾಗಿರುತ್ತದೆ, ಮೇಲೆ ಬರುತ್ತಾ ತಣ್ಣಗಾದ ಹಾಗೆ ಹನಿಯಾಗುತ್ತದೆ. ಮೂರನೆಯದು ನೀರಲ್ಲ, ಕಂಡೆನ್ಸೇಟ್, ಅಂದರೆ ಗ್ಯಾಸ್ ಜೊತೆ ಬರುವ ತೆಳು ಎಣ್ಣೆ. ಈಶಾನ್ಯದ ಸಸ್ಕ್ವೆಹಾನಾ ಕೌಂಟಿಯ ಗ್ಯಾಸ್ ಒಣ, ಅಲ್ಲಿ ಇದರ ಕಾಟ ಇಲ್ಲ. ನೈಋತ್ಯ ಮೂಲೆಯ ವಾಷಿಂಗ್ಟನ್ ಕೌಂಟಿಯಲ್ಲಿ ಹಾಗಲ್ಲ. 2004ರಲ್ಲಿ ಮಾರ್ಸೆಲಸ್‌ನ ಅದೃಷ್ಟ ತೆರೆದ ರೆನ್ಜ್ ಬಾವಿ ಇದ್ದದ್ದೂ ನಿಮ್ಮ ಕೌಂಟಿಯಲ್ಲೇ. ನೀವು ನೀರಿನ ಲೆಕ್ಕ ಕೊಟ್ಟಿದ್ದೀರಿ, ಕಂಡೆನ್ಸೇಟ್ ಲೆಕ್ಕ ಕೊಟ್ಟಿಲ್ಲ. ಅದು ಯಾಕೆ ಬೇಕು ಅಂತ ಮುಂದೆ ಹೇಳುತ್ತೇನೆ.

ಈಗ ನಿಮ್ಮ 3.9 ಲಕ್ಷಕ್ಕೆ ಬರೋಣ. ಲೆಕ್ಕ ತಪ್ಪಿಲ್ಲ. 1969ರಲ್ಲಿ ಟರ್ನರ್, ಹಬಾರ್ಡ್, ಡಕ್ಲರ್ ಮೂವರು ಕೊಟ್ಟ ಸೂತ್ರ ಅದು. ಮೇಲೇರುವ ಗ್ಯಾಸ್ ಒಂದು ನೀರಿನ ಹನಿಯನ್ನು ಬೀಳದಂತೆ ಹಿಡಿದಿಡಲು ಎಷ್ಟು ವೇಗ ಬೇಕು ಅನ್ನುವುದು ಅದರ ತಿರುಳು. ಅವರು ಬಾವಿಗಳ ಅಂಕಿಗೆ ಹೊಂದಲಿ ಅಂತ ಮೇಲೆ 20 ಶೇಕಡ ಸೇರಿಸಿದ್ದರು. 1991ರಲ್ಲಿ ಕೋಲ್ಮನ್ ಮತ್ತು ಜೊತೆಗಾರರು ಕಡಿಮೆ ಒತ್ತಡದ ಬಾವಿಗಳಿಗೆ ಆ 20 ಬೇಡ ಎಂದರು. ನಿಮ್ಮ ಉತ್ತರ ಬಂದಿರುವುದು ಕೋಲ್ಮನ್ ಲೆಕ್ಕದಲ್ಲಿ. ಆದರೆ ಎರಡೂ ನೆಟ್ಟಗೆ ನಿಂತ ಪೈಪಿನ ಲೆಕ್ಕ. ಎರಡನ್ನೂ ಜನ ಬಾವಿಯ ತಲೆಯ ಒತ್ತಡ ಇಟ್ಟುಕೊಂಡೇ ಹಾಕುತ್ತಾರೆ, ಯಾಕೆಂದರೆ ಗೇಜ್ ಇರುವುದು ಅಲ್ಲಿ.

ಕೆಳಗೆ ಇಳಿದು ನೋಡಿ. ಪ್ಯಾಕರ್ ಇಲ್ಲ ಅಂದಿರಿ. ಅದು ನಿಮ್ಮ ಅದೃಷ್ಟ. ಕೇಸಿಂಗ್ ಮತ್ತು ಟ್ಯೂಬಿಂಗ್ ನಡುವಿನ ಸಂದಿಯಲ್ಲಿ ಹೆಚ್ಚುಕಡಿಮೆ ಬರೀ ಗ್ಯಾಸ್ ನಿಂತಿರುತ್ತದೆ, ಹಾಗಾಗಿ ಕೇಸಿಂಗ್ ಗೇಜ್ ಟ್ಯೂಬಿಂಗಿನ ಕೆಳತುದಿಯ ಒತ್ತಡವನ್ನು ನಿಮಗೆ ಪುಕ್ಕಟೆ ಹೇಳುತ್ತಿದೆ. ಮೇಲೆ 480 ಇದ್ದರೆ, ಗ್ಯಾಸಿನದೇ ತೂಕ ಸೇರಿ ಕೆಳಗೆ ಸುಮಾರು 550. ಕೇಸಿಂಗ್ 480ರಿಂದ ಟ್ಯೂಬಿಂಗ್ 210 ಕಳೆಯಿರಿ, 270 ಪಿಎಸ್‌ಐ ಬಂತು. ನಿಮ್ಮ ಹರಿವಿನಲ್ಲಿ ಉಜ್ಜಾಟದ ನಷ್ಟ ಕಡಿಮೆ, ಹಾಗಾಗಿ ಇದರಲ್ಲಿ ಬಹುಪಾಲು ನೀರಿನ ಭಾರ. ಮಾರ್ಸೆಲಸ್ ನೀರು ಉಪ್ಪು ಜಾಸ್ತಿಯ ಭಾರದ ನೀರು. ಆ ಲೆಕ್ಕದಲ್ಲಿ ಒಟ್ಟು 500 ಅಡಿಗೂ ಮೇಲಿನ ನೀರು ಟ್ಯೂಬಿಂಗಿನ ಒಳಗೇ ಇದೆ. ಒಂದೇ ಕಂಬವಾಗಿ ನಿಂತಿಲ್ಲ, ಗ್ಯಾಸಿನ ಜೊತೆ ಬೆರೆತು ಏಳುತ್ತಾ ಬೀಳುತ್ತಾ ಇದೆ. ಬೋರ್‌ವೆಲ್ ಕೊರೆದ ಮೇಲೆ ಕಂಪ್ರೆಸರ್ ಗಾಳಿ ಬಿಟ್ಟು ಫ್ಲಶ್ ಮಾಡುವಾಗ ನೋಡಿದ್ದೀರಲ್ವಾ? ಗಾಳಿ ಜೋರಿದ್ದಾಗ ನೀರು ಆಳೆತ್ತರ ಚಿಮ್ಮುತ್ತದೆ, ಕಂಪ್ರೆಸರ್ ತಗ್ಗಿಸಿದ ಕೂಡಲೇ ಗುಡುಗುಡು ಅಂತ ಒಳಗೇ ಏಳುತ್ತೆ, ಬೀಳುತ್ತೆ, ಬಾಯಿಗೆ ಬರುವುದೇ ಇಲ್ಲ. ನಿಮ್ಮ ಟ್ಯೂಬಿಂಗಿನಲ್ಲಿ ಈಗ ನಡೆಯುತ್ತಿರುವುದು ಆ ಎರಡನೆಯ ಸ್ಥಿತಿ.

ಒತ್ತಡ ಏರಿದರೆ ಗ್ಯಾಸ್ ಹಿಂಡಿಕೊಳ್ಳುತ್ತದೆ, ವೇಗ ಬೀಳುತ್ತದೆ. ಬೇಕಾದ ಗ್ಯಾಸಿನ ಪ್ರಮಾಣ ಸುಮಾರಾಗಿ ಒತ್ತಡದ ವರ್ಗಮೂಲದಂತೆ ಏರುತ್ತದೆ. ಅದೇ ಸೂತ್ರವನ್ನು 550 ಪಿಎಸ್‌ಐಗೆ ಹಾಕಿದರೆ 3.9 ಅಲ್ಲ, 6 ಲಕ್ಷಕ್ಕೂ ಮೇಲೆ ಬರುತ್ತದೆ. ಇದು ನೇರ ಪೈಪಿಗೆ. ಓರೆಯಾದ ಪೈಪಿನಲ್ಲಿ ಇನ್ನೂ ಕಷ್ಟ. ಅಲ್ಲಿ ನೀರು ಕೆಳಗಿನ ಗೋಡೆಗೆ ಜಾರಿ ದಪ್ಪ ಪದರವಾಗಿ ಕೂರುತ್ತದೆ, ಗ್ಯಾಸ್ ಅದರ ಮೇಲೆ ನುಣ್ಣಗೆ ಜಾರಿಹೋಗುತ್ತದೆ, ಪದರ ಹಿಂದಕ್ಕೆ ಹರಿಯುತ್ತದೆ. ಅಸಲಿಗೆ ನೀರು ಕಟ್ಟಲು ಶುರುವಾಗುವುದು ಹನಿ ಬೀಳುವುದರಿಂದಲ್ಲ, ಗೋಡೆಯ ಪದರ ಹೀಗೆ ಹಿಂದೆ ತಿರುಗುವುದರಿಂದ ಎಂದು ಪ್ರಯೋಗಾಲಯದ ಪೈಪುಗಳಲ್ಲಿ ಕಂಡಿದ್ದಾರೆ. 2008ರಲ್ಲಿ ಬೆಲ್‌ಫ್ರಾಯ್ಡ್ ಮತ್ತು ಜೊತೆಗಾರರು ಟರ್ನರ್ ಸೂತ್ರಕ್ಕೆ ಕೋನದ ತಿದ್ದುಪಡಿ ಕೊಟ್ಟರು. ಅದರ ಪ್ರಕಾರ ನೇರದಿಂದ 35-40 ಡಿಗ್ರಿ ವಾಲಿದ ಕಡೆ ಅತಿ ಕೆಟ್ಟ ಜಾಗ, ಅಲ್ಲಿ ಸುಮಾರು 35 ಶೇಕಡ ಜಾಸ್ತಿ ಗ್ಯಾಸ್ ಬೇಕು. 8 ಲಕ್ಷ ದಾಟಿತು.

ಅದೂ ಟ್ಯೂಬಿಂಗ್ ಅಲ್ಲಿವರೆಗೆ ಇದ್ದರೆ ಮಾತ್ರ. ಟ್ಯೂಬಿಂಗ್ ಬಾಗಿನ ಮೇಲೆಯೇ ನಿಂತಿದ್ದರೆ, ಬಾಗು ಪೂರ್ತಿ ಕೇಸಿಂಗಿನ ಪಾಲು. ಐದೂವರೆ ಇಂಚಿನ ಕೇಸಿಂಗಿನ ಒಳ ಅಗಲ ಸುಮಾರು 4.7 ಇಂಚು, ನಿಮ್ಮ ಟ್ಯೂಬಿಂಗಿನದು 2 ಇಂಚು. ವಿಸ್ತೀರ್ಣ ಐದೂವರೆ ಪಟ್ಟು. ಅಂದರೆ ಆ ಬಾಗಿನಲ್ಲಿ ನೀರು ಎತ್ತಲು ದಿನಕ್ಕೆ 45 ಲಕ್ಷ ಘನ ಅಡಿ ಬೇಕು, ನಿಮ್ಮ ಹತ್ತಿರ ಇರುವುದು 4 ಲಕ್ಷ! ಹಾಗಿದ್ದಲ್ಲಿ ನಿಮ್ಮ ಬಾಗಿನಲ್ಲಿ ನೀರು ಕಟ್ಟಿದ್ದು ಈ ವರ್ಷ ಅಲ್ಲ. ಬಾವಿ ಇನ್ನೂ ಜೋರಾಗಿ ಹರಿಯುತ್ತಿದ್ದ ಕಾಲದಲ್ಲೇ ಕಟ್ಟಿದೆ, ಆಗ ಒತ್ತಡ ಜಾಸ್ತಿ ಇದ್ದದ್ದರಿಂದ ಯಾರಿಗೂ ಕಂಡಿಲ್ಲ.

ಅದಕ್ಕೇ ನನ್ನ ಮೊದಲ ಪ್ರಶ್ನೆ ಇದು: ಟ್ಯೂಬಿಂಗ್ ಎಲ್ಲಿ ನಿಂತಿದೆ? ಬಾವಿಯ ಫೈಲ್ ತೆಗೆದು, ಬಾವಿ ಎಲ್ಲಿ ಎಷ್ಟು ವಾಲಿದೆ ಅಂತ ಹೇಳುವ ಡೀವಿಯೇಶನ್ ಸರ್ವೆ ಪಕ್ಕದಲ್ಲಿಟ್ಟು, ಟ್ಯೂಬಿಂಗ್ ತುದಿ ಎಷ್ಟು ಡಿಗ್ರಿಯಲ್ಲಿದೆ ನೋಡಿ. ಅಡಿ ಅಲ್ಲ, ಡಿಗ್ರಿ. ಎಷ್ಟೋ ಬಾವಿಗಳಲ್ಲಿ ಇಳಿಸುವ ದಿನ ಸುಲಭವಾಯಿತು ಅಂತ ಬಾಗು ಶುರುವಾಗುವ ಮೊದಲೇ ನಿಲ್ಲಿಸಿಬಿಟ್ಟಿರುತ್ತಾರೆ. ನಾನು ಕೆಲಸ ಮಾಡಿದ ಒಂದು ಕಡೆ ಹಾಗೆ ನಿಂತಿದ್ದ ಟ್ಯೂಬಿಂಗಿಗೆ ಮೇಲಿನಿಂದ ಒಂದೊಂದೇ ಔಷಧಿ ಮಾಡುತ್ತಾ ಎರಡು ವರ್ಷ ಕಳೆದೆವು. ಸೋಪು ಹಾಕಿದೆವು, ಮುಚ್ಚಿ ತೆರೆದೆವು, ಹರಿವು ಹಿಡಿದಿಡುವ ಚೋಕ್ ಬದಲಾಯಿಸಿದೆವು. ಕೊನೆಗೆ ಸರ್ವೆ ತೆಗೆದು ನೋಡಿದರೆ ತುದಿ ಇದ್ದದ್ದು 12 ಡಿಗ್ರಿಯಲ್ಲಿ, ಕೆಟ್ಟ ಕೋನಗಳಿಗಿಂತ ಮೇಲೆ. ಆ ಎರಡು ವರ್ಷ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮೂರು ದಿನದ ಆಟ ಯಾಕೆ ಅಂತ ಈಗ ಅರ್ಥ ಆಗುತ್ತೆ. ಮುಚ್ಚಿಟ್ಟಾಗ ಒತ್ತಡ ಕಟ್ಟುತ್ತದೆ, ಟ್ಯೂಬಿಂಗಿನ ನೀರು ಕೆಳಗೆ ಇಳಿದು ಅಡ್ಡ ಭಾಗದಲ್ಲಿ ಹರಡುತ್ತದೆ, ಸ್ವಲ್ಪ ಕಲ್ಲಿನೊಳಕ್ಕೂ ಹೋಗುತ್ತದೆ. ತೆರೆದ ಕೂಡಲೇ ಕೂಡಿಟ್ಟ ಗ್ಯಾಸ್ ರಭಸದಿಂದ ಬಂದು ಒಂದಷ್ಟನ್ನು ಹೊತ್ತು ತರುತ್ತದೆ. ಟ್ಯೂಬಿಂಗ್ ಹಗುರ ಇದ್ದಾಗ ಕೆಳತುದಿಯ ಒತ್ತಡ 270ರ ಆಸುಪಾಸು ಇರುತ್ತದೆ, ಆಗ ನೇರ ಭಾಗಕ್ಕೆ 4.3 ಲಕ್ಷ ಸಾಕು, ಕೆಟ್ಟ ಕೋನದಲ್ಲೂ 6 ಲಕ್ಷದೊಳಗೆ ನಡೆಯುತ್ತದೆ. ರಭಸ ಇಳಿದ ಹಾಗೆ ನೀರು ಮತ್ತೆ ಸೇರುತ್ತದೆ, ಸೇರಿದಷ್ಟೂ ಕೆಳಗಿನ ಒತ್ತಡ ಏರುತ್ತದೆ, ಏರಿದಷ್ಟೂ ವೇಗ ಸಾಯುತ್ತದೆ, ವೇಗ ಸತ್ತಷ್ಟೂ ನೀರು ಇನ್ನೂ ಬೇಗ ಸೇರುತ್ತದೆ. ಈ ಸುಳಿಗೆ ಬಿದ್ದ ಬಾವಿ ತಾನಾಗಿ ಮೇಲೆ ಬರುವುದಿಲ್ಲ. ಕಲ್ಲಿನ ಒತ್ತಡ ಇಳಿಯುತ್ತಾ ಹೋದ ಹಾಗೆ ನಿಮ್ಮ ಮೂರು ದಿನ ಎರಡಾಗುತ್ತದೆ, ಆಮೇಲೆ ಒಂದಾಗುತ್ತದೆ. ಮುಚ್ಚಿ ತೆರೆಯುವುದು ತಾತ್ಕಾಲಿಕ ಉಪಾಯ ಅಷ್ಟೆ, ಅದನ್ನೇ ಚಿಕಿತ್ಸೆ ಅಂದುಕೊಳ್ಳಬೇಡಿ.

ಗಾಳಿಗೆ ಬಿಟ್ಟು ನೀರು ತೆಗೆಯೋಣ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಗ್ಯಾಸ್ ಸಾಗಿಸುವ ಲೈನಿನ ಬದಲು ಬಯಲಿಗೆ ತೆರೆದರೆ ಹಿಂದಿನ ಒತ್ತಡ ಇಲ್ಲದೆ ನೀರು ಬರುತ್ತದೆ, ನಿಜ. ಜೊತೆಗೆ ಮೀಥೇನ್ ಸುಮ್ನೆ ಆಕಾಶಕ್ಕೆ ಹೋಗುತ್ತದೆ. ಮೊದಲ 20 ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ 80 ಪಟ್ಟು ಬಿಸಿ ಹಿಡಿದಿಡುತ್ತದೆ. ಅಮೆರಿಕದ ಪರಿಸರ ಇಲಾಖೆ 2024ರಲ್ಲಿ ಹೊರಡಿಸಿದ ನಿಯಮಗಳಲ್ಲಿ ಈ ಕೆಲಸಕ್ಕೂ ಕಡಿವಾಣ ಇತ್ತು. ನಿಯಮ ಇರಲಿ ಬಿಡಲಿ, ಮಾರಬೇಕಾದ ಸರಕನ್ನು ನಾವೇ ಯಾಕೆ ಚೆಲ್ಲಬೇಕು?

ಇನ್ನು ಅಡ್ಡ ಭಾಗ. ತುದಿ ಮೇಲೆ ಅಂದಿರಿ. 7,000 ಅಡಿಗೆ ಒಂದೇ ಒಂದು ಡಿಗ್ರಿ ಏರಿದ್ದರೂ ತುದಿ 120 ಅಡಿ ಮೇಲಿರುತ್ತದೆ, ಹತ್ತು ಮಹಡಿ ಕಟ್ಟಡದಷ್ಟು. ನೀರೆಲ್ಲ ಬಾಗಿನ ಕಡೆಗೆ, ಅಂದರೆ ಹೀಲ್ ಕಡೆಗೆ ತಾನಾಗಿ ಇಳಿದು ಬರುತ್ತದೆ. ಇದು ಒಳ್ಳೆಯದೇ, ಎತ್ತಬೇಕಾದ ನೀರು ಒಂದೇ ಕಡೆ ಸಿಗುತ್ತದೆ. ತುದಿ ಕೆಳಗಿದ್ದರೆ ಕೊನೆಯ ಸಾವಿರಾರು ಅಡಿ ನೀರಿನಲ್ಲಿ ಮುಳುಗಿ ಅಲ್ಲಿನ ಗ್ಯಾಸ್ ಬರುವುದೇ ನಿಲ್ಲಬಹುದು. ಅಲೆಅಲೆಯಾಗಿ ಕೊರೆದಿದ್ದರೆ ಪ್ರತಿ ತಗ್ಗಿನಲ್ಲೂ ಒಂದೊಂದು ಕೆರೆ, ಹಿಂದೆ ಗ್ಯಾಸ್ ಕಟ್ಟಿ ಒಮ್ಮೆಗೇ ತಳ್ಳುತ್ತದೆ. ಅಂಥ ಬಾವಿಯಲ್ಲಿ ಗ್ಯಾಸು, ನೀರು ಬೇರೆ ಮಾಡುವ ಸೆಪರೇಟರ್ ಹತ್ತಿರ ನಿಂತರೆ ಗೊತ್ತಾಗುತ್ತೆ. ಹತ್ತು ನಿಮಿಷ ಬರೀ ಗ್ಯಾಸಿನ ಶಿಳ್ಳೆ, ಆಮೇಲೆ ಪೈಪು ನಡುಗಿ, ನೀರು ಹೊರಬಿಡುವ ಡಂಪ್ ವಾಲ್ವ್ ಟಕಟಕ ತೆರೆದು ಮುಚ್ಚಿ, ಮತ್ತೆ ಮೌನ. ನೀವೂ ಒಂದು ಗಂಟೆ ಹೋಗಿ ನಿಲ್ಲಿ. ಕಂಪ್ಯೂಟರಿನ ಐದು ನಿಮಿಷದ ಸರಾಸರಿಯಲ್ಲಿ ಇದು ಕಾಣುವುದಿಲ್ಲ.

ಈಗ ಮಾಡಬೇಕಾದ್ದು. ಟ್ಯೂಬಿಂಗ್ ಮೇಲೆ ನಿಂತಿದ್ದರೆ ಮೊದಲು ಅದನ್ನು ಬಾಗಿನೊಳಕ್ಕೆ ಇಳಿಸಿ, 60 ಡಿಗ್ರಿ ಆಸುಪಾಸಿಗೆ. ಕೆಟ್ಟ ಕೋನಗಳೆಲ್ಲ ಸಣ್ಣ ಪೈಪಿನೊಳಗೆ ಬರಬೇಕು, ಇದೇ ಇಡೀ ಉತ್ತರದ ಜೀವ. ಟ್ಯೂಬಿಂಗ್ ಎತ್ತಿ ಇಳಿಸುವ ವರ್ಕೋವರ್ ರಿಗ್ ಬೇಕು, ಖರ್ಚಿದೆ. ಆದರೆ ಮುಂದಿನ ಯಾವ ಉಪಾಯವೂ ಟ್ಯೂಬಿಂಗ್ ತುದಿಗಿಂತ ಕೆಳಗೆ ಹೆಚ್ಚು ಕೆಲಸ ಮಾಡುವುದಿಲ್ಲ. ಅಡ್ಡ ಭಾಗದೊಳಕ್ಕೆ ತುಂಬಾ ದೂರ ತೂರಿಸಲು ಹೋಗಬೇಡಿ, ಫ್ರ್ಯಾಕ್ ಮರಳು ಕೂತು ಟ್ಯೂಬಿಂಗ್ ಸಿಕ್ಕಿಹಾಕಿಕೊಳ್ಳುವ ಅಪಾಯ ಇದೆ.

ಇಳಿಸಿದ ಮೇಲೆ ಪ್ಲಂಜರ್. ನಿಮ್ಮ ಬಾವಿಗೆ ನನ್ನ ಓಟು ಇದಕ್ಕೇ. ಮೊಳದುದ್ದದ ಉಕ್ಕಿನ ತುಂಡು, ಟ್ಯೂಬಿಂಗಿಗೆ ಸರಿಯಾಗಿ ಕೂರುವಂಥದ್ದು. ಬಾವಿ ಮುಚ್ಚಿದಾಗ ಬಿದ್ದು ಕೆಳಗಿನ ಸ್ಪ್ರಿಂಗ್ ಮೇಲೆ ಕೂರುತ್ತದೆ, ತೆರೆದಾಗ ಕೇಸಿಂಗಿನಲ್ಲಿ ಕೂಡಿಟ್ಟ ಗ್ಯಾಸ್ ಅದನ್ನು ತಳ್ಳುತ್ತದೆ, ಅದು ತನ್ನ ಮೇಲಿನ ನೀರನ್ನು ಹೊತ್ತು ಬರುತ್ತದೆ. ನೀರು ಗೋಡೆಯಲ್ಲಿ ಹಿಂದೆ ಜಾರಲು ಬಿಡದಿರುವುದೇ ಇದರ ಗುಣ. ಇದಕ್ಕೆ ಒಂದು ಹಳೆಯ ಕೈಲೆಕ್ಕ ಇದೆ: ಪ್ರತಿ ಸಾವಿರ ಅಡಿ ಆಳಕ್ಕೆ, ಒಂದು ಬ್ಯಾರಲ್ ನೀರಿಗೆ 400 ಘನ ಅಡಿ ಗ್ಯಾಸ್. ನಿಮ್ಮ ಆಳಕ್ಕೆ 2,600 ಬೇಕು. ನಿಮ್ಮಲ್ಲಿ ಬ್ಯಾರಲಿಗೆ 26,000ಕ್ಕೂ ಮೇಲಿದೆ, ಹತ್ತು ಪಟ್ಟು. ಇನ್ನೊಂದು ಪರೀಕ್ಷೆಯನ್ನು ಮುಂದಿನ ಸಲ ಮುಚ್ಚಿದಾಗ ಮಾಡಿ. ತೆರೆಯುವ ಮುಂಚೆ ಕೇಸಿಂಗ್ ಒತ್ತಡದಿಂದ ಟ್ಯೂಬಿಂಗ್ ಒತ್ತಡ ಕಳೆಯಿರಿ, ಅದನ್ನು ಕೇಸಿಂಗ್ ಮತ್ತು ಲೈನ್ ಒತ್ತಡದ ಅಂತರದಿಂದ ಭಾಗಿಸಿ. ಅರ್ಧಕ್ಕಿಂತ ಕಡಿಮೆ ಬಂದರೆ ಪ್ಲಂಜರ್ ಎದ್ದು ಬರುತ್ತದೆ. ಜಾಸ್ತಿ ಬಂದರೆ ಇನ್ನಷ್ಟು ಹೊತ್ತು ಕಾಯಿರಿ.

ಅಡ್ಡ ಬಾವಿಯಲ್ಲಿ ಇದರ ಮಿತಿಯೂ ಬಾಗೇ. ಪ್ಲಂಜರ್ ಬೀಳುವುದು ಬರೀ ತನ್ನ ತೂಕದಿಂದ. ಕೋನ ಜಾಸ್ತಿಯಾದ ಹಾಗೆ ಗೋಡೆಗೆ ಉಜ್ಜಿ ನಿಧಾನ ಆಗುತ್ತದೆ, ಒಂದು ಕಡೆ ಮಾತ್ರ ಸವೆಯುತ್ತದೆ. ಹಾಗಾಗಿ ಸ್ಪ್ರಿಂಗನ್ನು 45-50 ಡಿಗ್ರಿ ಹತ್ತಿರ ಕೂರಿಸಿ, ಜೊತೆಗೆ ನೀರು ವಾಪಸ್ ಹೋಗದ ಹಾಗೆ ಸ್ಟ್ಯಾಂಡಿಂಗ್ ವಾಲ್ವ್ ಇರಲಿ. ಬೀಳಲು ಸಾಕಷ್ಟು ಹೊತ್ತು ಕೊಡಿ, ಗ್ಯಾಸಿನಲ್ಲಿ ಬೇಗ ಬೀಳುತ್ತೆ, ನೀರು ಮುಟ್ಟಿದ ಮೇಲೆ ನಿಧಾನ. ಮೇಲೆ ಬರುವ ವೇಗ ನಿಮಿಷಕ್ಕೆ 750 ಅಡಿ ಆಸುಪಾಸು ಇರಲಿ. ಸಾವಿರ ದಾಟಿದರೆ ಏನೋ ಸರಿಯಿಲ್ಲ ಅಂತ ತಿಳಿಯಿರಿ. ಪ್ಲಂಜರ್ ನೀರಿಲ್ಲದೆ ಬಂದರೆ ತಡೆಯುವವರೇ ಇಲ್ಲ. ಒಮ್ಮೆ ನಾನು ಬಾವಿಯ ತಲೆಯಿಂದ ಹತ್ತು ಮಾರು ದೂರದಲ್ಲಿದ್ದೆ. ನೆಲ ಸಣ್ಣಗೆ ನಡುಗಿತು, ಆಮೇಲೆ ಗುಂಡು ಹೊಡೆದ ಹಾಗೆ ಠಣ್ ಅಂತ ಶಬ್ದ. ಮೇಲೆ ಪ್ಲಂಜರನ್ನು ಹಿಡಿಯುವ ಲೂಬ್ರಿಕೇಟರಿನ ಸ್ಪ್ರಿಂಗ್ ಬಿಚ್ಚಿ ನೋಡಿದರೆ ಎರಡು ತುಂಡು. ಟೈಮರ್ ತಪ್ಪಾಗಿ ಇಟ್ಟಿದ್ದರು, ಪ್ಲಂಜರ್ ತಳ ಮುಟ್ಟುವ ಮುಂಚೆಯೇ ವಾಲ್ವ್ ತೆರೆದಿತ್ತು. ಪ್ಲಂಜರ್ ಮೇಲೆ ಬರುವ ಹೊತ್ತಿಗೆ ಯಾರೂ ಅದರ ತಲೆಯ ನೇರಕ್ಕೆ ನಿಲ್ಲದ ಹಾಗೆ ನೋಡಿಕೊಳ್ಳಿ, ಇದನ್ನು ಮೊದಲ ದಿನವೇ ಎಲ್ಲರಿಗೂ ಹೇಳಿ.

ರಿಗ್ ಬರುವ ತನಕ ಏನು? ಸೋಪು. ಇದು ನೀರನ್ನು ನೊರೆ ಮಾಡುತ್ತದೆ, ನೊರೆ ಹಗುರ, ಕಡಿಮೆ ವೇಗದಲ್ಲೂ ಮೇಲೆ ಬರುತ್ತದೆ. ಇಲ್ಲಿ ಆ ಕಂಡೆನ್ಸೇಟ್ ಲೆಕ್ಕ ಬೇಕು. ದ್ರವದಲ್ಲಿ ಕಂಡೆನ್ಸೇಟ್ ಪಾಲು ಅರ್ಧಕ್ಕೆ ಬಂದರೆ ಸಾಮಾನ್ಯ ಸೋಪು ನೊರೆ ಕಟ್ಟುವುದೇ ಕಷ್ಟ. ಉಪ್ಪು ಜಾಸ್ತಿ ಇದ್ದರೂ ಕೆಲವು ಸೋಪು ಸೋಲುತ್ತವೆ. ಮಾರಾಟಗಾರರ ಕಾಗದ ನೋಡಿ ತರಿಸಬೇಡಿ. ಸೆಪರೇಟರಿನಿಂದ ಅದೇ ಬಾವಿಯ ನೀರು ಮತ್ತು ಕಂಡೆನ್ಸೇಟನ್ನು ಬರುವ ಪ್ರಮಾಣದಲ್ಲೇ ಒಂದು ಗಾಜಿನ ಬಾಟಲಿಗೆ ತುಂಬಿ, ಸೋಪಿನ ಕೆಲವು ಹನಿ ಬಿಟ್ಟು ಅಲ್ಲಾಡಿಸಿ. ನೊರೆ ಎಷ್ಟು ಎತ್ತರ ಬಂತು, ಎಷ್ಟು ನಿಮಿಷ ನಿಂತಿತು ಬರೆದುಕೊಳ್ಳಿ. ಮೂರು ನಾಲ್ಕು ಬಗೆ ನೋಡಿದರೆ ಅರ್ಧ ಗಂಟೆಯಲ್ಲಿ ಉತ್ತರ ಸಿಗುತ್ತದೆ. ಮೇಲಿನಿಂದ ಸೋಪು ಕಡ್ಡಿ ಬಿಟ್ಟರೆ ಟ್ಯೂಬಿಂಗಿನ ನೀರಿಗೆ ಸೇರುತ್ತದೆ, ಬಾಗಿನವರೆಗೆ ತಲುಪಿಸಬೇಕಾದರೆ ಸಣ್ಣ ಕ್ಯಾಪಿಲರಿ ಪೈಪು ಇಳಿಸಬೇಕು. ಸೆಪರೇಟರ್ ಹತ್ತಿರ ನೊರೆ ಒಡೆಯುವ ರಾಸಾಯನಿಕ ಮರೆಯಬೇಡಿ, ಇಲ್ಲದಿದ್ದರೆ ನೊರೆ ಗ್ಯಾಸ್ ಲೈನಿಗೆ ನುಗ್ಗುತ್ತದೆ.

ವರ್ಷವೋ ಎರಡು ವರ್ಷವೋ ಕಳೆದ ಮೇಲೆ ಪ್ಲಂಜರ್ ಎತ್ತುವಷ್ಟು ಒತ್ತಡವೂ ಕಟ್ಟದ ಕಾಲ ಬರುತ್ತದೆ. ಆಗ ಗ್ಯಾಸ್ ಲಿಫ್ಟ್. ಮೇಲಿನ ಕಂಪ್ರೆಸರಿನಿಂದ ದಿನಕ್ಕೆ 4-5 ಲಕ್ಷ ಘನ ಅಡಿ ಗ್ಯಾಸನ್ನು ಕೇಸಿಂಗ್ ಸಂದಿಯಲ್ಲಿ ಕೆಳಗೆ ಕಳಿಸಿ, ಟ್ಯೂಬಿಂಗಿನೊಳಗೆ ಬಾವಿಯ ಗ್ಯಾಸಿನ ಜೊತೆ ಸೇರಿಸಿ ವೇಗ ಹೆಚ್ಚಿಸುವುದು. ಬಾವಿಯೊಳಗೆ ತಿರುಗುವ ಯಂತ್ರ ಇಲ್ಲ, ಮರಳು ಬಂದರೂ ತೊಂದರೆ ಕಡಿಮೆ, ಬಾಗು ಅಡ್ಡಿ ಅಲ್ಲ. ಒಂದೇ ಪ್ಯಾಡಿನಲ್ಲಿ ನಾಲ್ಕಾರು ಬಾವಿ ಇದ್ದರೆ ಒಂದು ಕಂಪ್ರೆಸರಿನ ಖರ್ಚು ಹಂಚಿಹೋಗುತ್ತದೆ. ಅದರ ಜೊತೆಗೇ ಪ್ಲಂಜರನ್ನೂ ಓಡಿಸುವವರಿದ್ದಾರೆ. ಕಂಪ್ರೆಸರಿನಿಂದ ಬಾವಿಯ ತಲೆಯ ಒತ್ತಡವನ್ನೇ 210ರಿಂದ 60ಕ್ಕೆ ಇಳಿಸಿದರೂ ತಲೆಯಲ್ಲಿ ಬೇಕಾದ ಗ್ಯಾಸ್ ಅರ್ಧದ ಹತ್ತಿರಕ್ಕೆ ಬರುತ್ತದೆ. ಸಕರ್ ರಾಡ್ ಪಂಪು, ವಿದ್ಯುತ್ ಪಂಪುಗಳನ್ನು ನಿಮ್ಮ ಬಾವಿಗೆ ಈಗಲೇ ಯೋಚಿಸಬೇಡಿ. ಬಾಗಿನಲ್ಲಿ ರಾಡು ಉಜ್ಜುತ್ತದೆ, ಗ್ಯಾಸ್ ನುಗ್ಗಿ ಪಂಪು ಹಿಡಿದುಕೊಳ್ಳುತ್ತದೆ. 15 ಬ್ಯಾರಲ್ ನೀರಿಗೆ ಅಷ್ಟು ಪಾಡು ಬೇಡ.

ಚಳಿಗಾಲಕ್ಕೆ ಮುಂಚೆ ಟ್ಯೂಬಿಂಗ್ ಕೆಲಸ ಮುಗಿಸಲು ನೋಡಿ. ಪೆನ್ಸಿಲ್ವೇನಿಯಾದ ಜನವರಿಯಲ್ಲಿ ಡಂಪ್ ಲೈನು ಹೆಪ್ಪುಗಟ್ಟಿದರೆ ಬಾವಿಯ ತೊಂದರೆ ಯಾವುದು, ಮೇಲಿನ ಪೈಪಿನ ತೊಂದರೆ ಯಾವುದು ಅಂತ ಬೇರೆ ಮಾಡುವುದೇ ಕಷ್ಟ. ಅಷ್ಟರಲ್ಲಿ ಟ್ಯೂಬಿಂಗ್ ತುದಿಯ ಡಿಗ್ರಿ, ಕಂಡೆನ್ಸೇಟ್ ದಿನಕ್ಕೆ ಎಷ್ಟು, ಮುಚ್ಚಿದ ಮೇಲೆ ಗಂಟೆಗೊಮ್ಮೆಯ ಕೇಸಿಂಗ್ ಮತ್ತು ಟ್ಯೂಬಿಂಗ್ ಒತ್ತಡ ಬರೆದು ಕಳಿಸಿ. ಸ್ಪ್ರಿಂಗ್ ಎಷ್ಟು ಅಡಿಯಲ್ಲಿ ಕೂರಬೇಕು, ಮೊದಲ ವಾರ ಎಷ್ಟು ಹೊತ್ತು ಮುಚ್ಚಿ ಎಷ್ಟು ಹೊತ್ತು ತೆರೆಯಬೇಕು ಅಂತ ಕೂತು ಲೆಕ್ಕ ಹಾಕೋಣ.